ಝುಂ ಅನ್ನೋ ಹಡಗ

ರೋಣದಾಗ ಸಮುದ್ರ ಇಲ್ಲ. ಇದನ್ನ ಮೊದಲ ಹೇಳಿ ಮುಗಸ್ತೀನಿ, ಯಾಕಂದ್ರ ಐವತ್ತಾರನೇ ಇಸವಿಯೊಳಗ ಈ ಮಾತು ಹೇಳಿ ಹೇಳಿ ನನ್ನ ಗಂಟಲು ಒಣಗಿ ಹೋಗಿತ್ತು. ಸಮುದ್ರ ಇಲ್ಲ, ಕಣ್ಣಿಗೆ ಕಾಣೋ ಅಷ್ಟು ದೂರ ಹೊಳಿ ಇಲ್ಲ, ಕೆರಿಯೊಳಗ ಇದ್ರ ಒಂದು ಎಮ್ಮಿ ಮೈ ತೊಳಿಯೋ ಅಷ್ಟು ನೀರು. ಇಂಥಾ ಊರಿಗೆ ನನ್ನ ತಂಗಿ ಗಂಡ ರಾಘಣ್ಣ ಹಡಗ ತಂದ. ಚಿತ್ರದ ಹಡಗಲ್ಲ, ಆಟಗಿ ಹಡಗಲ್ಲ, ಕಂಬ, ಹಾಯಿ, ಲಂಗರು ಎಲ್ಲಾ ಇದ್ದ ಖರೇ ಹಡಗ.

ನಾನು ಪ್ರಾಣೇಶ. ಹತ್ತಿ ಅಡತಿ ಅಂಗಡ್ಯಾಗ ಗುಮಾಸ್ತ. ದಿನಾ ಸಂಜಿಗೆ ಮನಿಗೆ ಬಂದು ಕಾಲು ಚಾಚಿ ಕೂಡೋದೊಂದ ನನ್ನ ಆಶಾ. ಆ ಆಶಾ ಆ ವರ್ಷ ಹ್ಯಾಂಗ ಹಾಳಾತು ಅನ್ನೋದನ್ನ ಹೇಳಲಿಕ್ಕೆ ಹೊಂಟೀನಿ.

ರಾಘಣ್ಣ ಮುಂಬಯಿ ಗೋದಿಯೊಳಗ ಮೂವತ್ತು ವರ್ಷ ಕೆಲಸಾ ಮಾಡಿದವ. ಗೋದಿ ಅಂದ್ರ ಹಡಗ ಬಂದು ನಿಲ್ಲೋ ಕಟ್ಟಿ. ಹಡಗಿನಿಂದ ಇಳಿಯೋ ಚೀಲ ಎಣಸೋದು ಅವನ ಕೆಲಸ. ಸಮುದ್ರಕ್ಕ ಬೆನ್ನು ಮಾಡಿ, ಕುರ್ಚಿ ಮ್ಯಾಲ ಕೂತು, ಮೂವತ್ತು ವರ್ಷ ಚೀಲ ಎಣಿಸಿದ. ಒಮ್ಮೆನೂ ಹಡಗ ಹತ್ತಲಿಲ್ಲ, ಹತ್ತಿದ್ರ ಹೊಟ್ಟಿ ತೊಳಸ್ತಿತ್ತಂತ. ಆದ್ರ ರಜಾಕ್ಕ ರೋಣಕ್ಕ ಬಂದಾಗ ಮಂದಿ ಮುಂದ ಮೊದಮೊದಲು ಹಡಗದ ಹತ್ರ ಇದ್ದ, ಆಮ್ಯಾಲ ಹಡಗದಾಗ ಇದ್ದ, ರಿಟಾಯರ್ ಆಗೋ ಹೊತ್ತಿಗೆ ಹಡಗನ್ನ ತಾನ ನಡಸ್ತಿದ್ದ. ಮಂದಿನೂ "ಕಪ್ತಾನ್ರು ಬಂದ್ರು" ಅನ್ನಲಿಕ್ಕೆ ಹತ್ತಿದ್ರು. ಹಿಂಗ ಕರಿಸಿಕೊಂಡವ ಬರಿಗೈಲೆ ಊರಿಗೆ ಹ್ಯಾಂಗ ಬರಬೇಕು? ವಿಲಾಯತಿಗೆ ಹೊಳ್ಳಿ ಹೊಂಟಿದ್ದ ಒಬ್ಬ ಸಾಹೇಬ ತನ್ನ ಹಳೇ ಹಾಯಿ ಹಡಗ ಯಾರೂ ಮೂಸಿ ನೋಡವಲ್ಲರು ಅಂತ ಇವನ ಕೊರಳಿಗೆ ಕಟ್ಟಿದ. ಇವ ಕಟ್ಟಿಸಿಕೊಂಡ.

ಗದಗಿನ ತನಕ ರೈಲಿನ ಮ್ಯಾಲ ಬಂತು. ಅಲ್ಲಿಂದ ಎರಡು ಗಾಡಿ ಜೋಡಿಸಿ, ಎತ್ತು ಹೂಡಿ ಎಳಕೊಂಡು ಬಂದ್ರು. ಹಾದ್ಯಾಗ ಕಂಡವರೆಲ್ಲಾ ಕೈ ಮುಗದ್ರಂತ, ಯಾವ ದೇವರ ಪಲ್ಲಕ್ಕಿನೋ ಅಂತ ತಿಳದು. ಬೇವಿನ ಗಿಡದ ಬಾಜೂಕ ರಾಘಣ್ಣಂದೊಂದು ಖುಲ್ಲಾ ಜಾಗಾ ಇತ್ತು. ಅಲ್ಲಿ ಕಲ್ಲು ಹೊಂದಿಸಿ ಹಡಗ ಕೂಡಿಸಿದ್ರು. ಸ್ವಲ್ಪ ವಾಲಿತ್ತು. ಒಳಗ ಒಂದು ಲಿಂಬಿಹಣ್ಣು ಇಟ್ರ ತಾನ ಉರುಳಿ ಎಡಗಡೆ ಮೂಲಿಗೆ ಹೋಗಿ ಕೂಡತಿತ್ತು. ಹಡಗದ ಬೆನ್ನಿಗೆ ಸಾಹೇಬನ ಹೆಂಡತಿ ಹೆಸರು 'ಮಾರ್ಗರೇಟ' ಅಂತ ಇತ್ತು. ಅದರ ಮ್ಯಾಲ ಬಣ್ಣಾ ಬಳದು ರಾಘಣ್ಣ 'ಶ್ರೀ ಗುರುರಾಜ ಪ್ರಸನ್ನ' ಅಂತ ಬರಸಿದ. ಬಿಸಲಿಗೆ ಬಣ್ಣಾ ತೆಳ್ಳಗಾಗಿ ಇಬ್ರೂ ಕೂಡೇ ಕಾಣಲಿಕ್ಕೆ ಹತ್ತಿದ್ರು.

ನನ್ನ ತಂಗಿ ಶಾರದಾಬಾಯಿ ಗಾಡಿ ಹಿಂದ ನಡಕೋತ ಬಂದಿದ್ಲು. ಹಡಗ ಕೂಡಿಸಿ ಆದ ಮ್ಯಾಲ ಗಂಡನ್ನ ಕೇಳಿದ್ಲು, "ಮನಿ ಎಲ್ಲದ?"

"ಇದ ಮನಿ," ಅಂದ ರಾಘಣ್ಣ.

"ಊರಿಗೆ ಹೋದ ಮ್ಯಾಲ ಮನಿ ಕಟ್ಟಸ್ತೀನಿ ಅಂದಿದ್ರಿ."

"ಕಟ್ಟಿದ್ದ ತಂದೀನಲ್ಲ!"

ನನ್ನ ತಂಗಿ ಅಳಲಿಲ್ಲ, ಕಿರಚಲಿಲ್ಲ. ಆಕಿ ಸಿಟ್ಟು ಅಂಥಾದಲ್ಲ. ಟ್ರಂಕಿನ ಮ್ಯಾಲ ಕೂತು ನನ್ನ ಕಡೆ ತಿರುಗಿ ಹೇಳಿದ್ಲು: "ಅಣ್ಣಾ, ಮೂವತ್ತು ವರ್ಷ ಮುಂಬಯಿ ಚಾಳಿನ ಖೋಲ್ಯಾಗ ಚಿಮಣಿ ಬೆಳಕಿನ್ಯಾಗ ಅಡಗಿ ಮಾಡೀನಿ. ಹೊಗಿ ಕುಡದು ಕುಡದು ಕಣ್ಣು ಹೋಗ್ಯಾವ. ಸೂಜಿಗೆ ದಾರಾ ಪೋಣಸ್ಲಿಕ್ಕೆ ಆಗೂದಿಲ್ಲ. ರೋಣಕ್ಕ ಕರೆಂಟು ಬಂದದಂತ. ಈ ಹಡಗದಾಗ ಒಂದು ದೀಪ ಹತ್ತಲಿ, ನಾ ಇಲ್ಲೇ ಸಾಯ್ತೀನಿ, ಉಸರ ಎತ್ತೂದಿಲ್ಲ. ಪಂಚಮಿ ಹಬ್ಬಕ್ಕ ನೀ ಕರೀಲಿಕ್ಕೆ ಬರ್ತೀಯಲ್ಲ? ಅಷ್ಟರಾಗ ದೀಪ ಹತ್ತಿದ್ರ ನಾಕ ದಿನ ತವರಮನಿ ಉಂಡಿ ತಿಂದು ಹೊಳ್ಳಿ ಬರ್ತೀನಿ. ಹತ್ತಲಿಲ್ಲ ಅಂದ್ರ ಈ ಟ್ರಂಕ್ ತೊಗೊಂಡ ಬರ್ತೀನಿ. ಮತ್ತ ಹೊಳ್ಳೂದಿಲ್ಲ."

ನಮ್ಮ ಕಡೆ ಪಂಚಮಿಗೆ ಅಣ್ಣತಮ್ಮಂದಿರು ಹೋಗಿ ಅಕ್ಕತಂಗೇರನ್ನ ತವರಮನಿಗೆ ಕರ್ಕೊಂಡು ಬರೋದು ಪದ್ಧತಿ. ಕರೀಲಿಲ್ಲ ಅಂದ್ರ ಊರು ಉಗುಳ್ತದ. ಕರದ್ರ ಟ್ರಂಕ್ ಬರ್ತದ. ಟ್ರಂಕಿನ ಹಿಂದ ರಾಘಣ್ಣ ಬರ್ತಾನ, ರಾಘಣ್ಣನ ಹಿಂದ ಅವನ ಕಪ್ತಾನ ಟೊಪಗಿ, ದಿನಾ ಕಣ್ಣಿಗೆ ಹಚಗೊಂಡು ಕೂಡೋ ದುರ್ಬೀನು ಬರ್ತಾವ. ನನ್ನ ಮನಿ ಎರಡ ಖೋಲಿ. ಅವೆರಡೂ ಖೋಲಿಯೊಳಗ ನನ್ನ ಹೆಂಡತಿ ಕಾಶಿಬಾಯಿ ಇದ್ದಾಳ. ಕಾಶಿಬಾಯಿಗೂ ಶಾರದಾಗೂ ಸಾರಿಗೆ ಉಪ್ಪು ಮೊದಲ ಹಾಕಬೇಕೋ ಕಡೀಕ ಹಾಕಬೇಕೋ ಅನ್ನೋ ಮಾತಿಗೆ ನನ್ನ ಲಗ್ನದ ವರ್ಷದಿಂದ ಆಗಿಬಂದಿಲ್ಲ.

ಮನಿಗೆ ಬಂದು ಹೇಳಿದೆ. ಕಾಶಿಬಾಯಿ ರೊಟ್ಟಿ ಬಡಿಯೋದು ನಿಲ್ಲಸಲಿಲ್ಲ. "ಬರ್ಲಿ, ತಂಗಿ ಅಲ್ಲೇನು ನಿಮಗ? ಅವರು ಬಂದ ಬಸ್ಸಿಗೆ ನಾ ನನ್ನ ತವರಿಗೆ ಹೋಗ್ತೀನಿ, ಅಷ್ಟ," ಅಂದ್ಲು. ಒಂದು ದೀಪ ಹತ್ತಬೇಕು, ಇಲ್ಲಾ ನನ್ನ ಸಂಸಾರ ಆರಬೇಕು ಅನ್ನೋದು ಅವತ್ತ ಖಾತ್ರಿ ಆತು.

ಮರುದಿನ ರಾಘಣ್ಣನ ಕರ್ಕೊಂಡು ಕರೆಂಟಿನ ಕಂಪನಿಗೆ ಹೋದೆ. ಪ್ಯಾಟಿ ಹಿಂದ ಒಂದು ತಗಡಿನ ಶೆಡ್ಡು, ಒಳಗ ಒಂದು ಇಂಜಿನ್ನು. ಸಂಜಿ ಆದ ಮ್ಯಾಲ ಡುಗು ಡುಗು ಅಂತ ಶುರು ಆದ್ರ ಅರ್ಧಾ ಊರಿಗೆ ಬೆಳಕು. ಗದಗಿನಿಂದ ಇನ್ಸ್‌ಪೆಕ್ಟರ್ ಸಾಹೇಬ್ರು ಬಂದಿದ್ರು. ಮೀಸಿ ಭಾಳ, ಮಾತು ಕಡಿಮಿ.

"ಯಾತಕ್ಕ ಕರೆಂಟು?" ಅಂದ್ರು.

"ಹಡಗಿಗೆ," ಅಂದ ರಾಘಣ್ಣ.

ಸಾಹೇಬ್ರು ನನ್ನ ಕಡೆ ನೋಡಿದ್ರು. ನಾನು ನೆಲಾ ನೋಡಿದೆ.

"ಇಲ್ಲಿ ನಾಕ ನಮೂನಿ ಅವ. ಮನಿ, ಅಂಗಡಿ, ಗಿರಣಿ, ದೇವಸ್ಥಾನ. ಹಡಗ ಯಾವುದರಾಗ ಬರ್ತದ? ಗಾಲಿ ಅವೇನು?"

"ಹಡಗಿಗೆ ಗಾಲಿ ಎಲ್ಲಿರ್ತಾವ್ರಿ?"

"ತೇಲ್ತದೇನು?"

"ಸಮುದ್ರ ಇದ್ರ ತೇಲ್ತದ."

ರಾಘಣ್ಣ ಆಮ್ಯಾಲ ಕಪ್ತಾನ ಧ್ವನಿ ತಗದ. ಹಡಗದಾಗ ವಾಯರಿಂಗ್ ಮೊದಲ ಅದ, ಹಿಂದ ಒಂದು ಪಿತ್ತಾಳಿ ಬಾಯಿ ಅದ, ಬಂದರದಾಗ ನಿಂತಾಗ ದಂಡಿ ಮ್ಯಾಲಿನ ಕಂಬದಿಂದ ವಾಯರ್ ತಂದು ಆ ಬಾಯಿಗೆ ಚುಚ್ಚಿದ್ರ ಸಾಕು, ಇದಕ್ಕ ದಂಡಿ ಕರೆಂಟು ಅಂತಾರ, ಮುಂಬಯ್ಯಾಗ ಸಣ್ಣ ಹುಡುಗ್ರಿಗೂ ಇದು ಗೊತ್ತು ಅಂದ.

"ದಂಡಿ ಎಲ್ಲದ?" ಅಂದ್ರು ಸಾಹೇಬ್ರು.

"ನೀವು ನಿಂತೀರಲ್ಲ, ಇದೆಲ್ಲಾ ದಂಡಿನ."

ಈ ಮಾತು ಖರೇ ಇತ್ತು. ಗದಗಿನಿಂದ ಗಜೇಂದ್ರಗಡದ ತನಕ ಬರೇ ದಂಡಿನ. ಸಾಹೇಬ್ರು ಅರ್ಜಿ ಕಾಗದ ಮುಂದ ಎಳಕೊಂಡ್ರು. "ತಾತ್ಪೂರ್ತಿಕ ಕೊಡ್ತೀನಿ, ಸದ್ಯಕ್ಕಷ್ಟ," ಅಂದ್ರು. "ಪಂಚಮಿಗೆ ನಾ ನರೇಗಲ್ಲಿಗೆ ಅತ್ತಿ ಮನಿಗೆ ಬರೋದದ. ಹೊಳ್ಳಿ ಹೋಗೋ ಮುಂದ ಇಳದು ನೋಡ್ತೀನಿ. ಎಲ್ಲಾ ಚಲೋ ಇದ್ರ ಕಾಯಂ. ಒಬ್ಬರಿಗೆ ಇಷ್ಟ ಶಾಕ್ ಹೊಡದ್ರೂ ಕಂಬದ ಮ್ಯಾಲ ವಾಯರ್ ಕಡೀತೀನಿ, ಮತ್ತ ಎಂದೂ ನನ್ನ ಮುಂದ ಬರಬ್ಯಾಡ್ರಿ."

ಕಂಪನಿ ವಾಯರಮನ್ ಮದರಸಾಬ ಬಂದ. ಚಲೋ ಮನಶ್ಯಾ, ಆದ್ರ ಕೈಗಿಂತಾ ಬಾಯಿಗೆ ಕಸುವು ಹೆಚ್ಚು. ಎರಡು ಕಪ್ಪು ಚಹಾ ಕುಡಿಯೋ ತನಕ ಹಡಗದ ಸುತ್ತಲೂ ತಿರುಗಿದ. "ಇದರಾಗೇನೈತ್ರಿ? ನರಗುಂದದಾಗ ಇಂಥಾವು ಎಷ್ಟ ಮಾಡೀನಿ," ಅಂದ. ನರಗುಂದದಾಗ ಎಷ್ಟು ಹಡಗ ಅವ ಅಂತ ನಾ ಕೇಳಲಿಲ್ಲ. ನನಗ ಆಗಲೇ ಸಾಕಾಗಿತ್ತು.

ಇಂಜಿನ್ನು ಶುರು ಆತು. ಮದರಸಾಬ ಕಂಬದಿಂದ ತಂದ ವಾಯರನ್ನ ಪಿತ್ತಾಳಿ ಬಾಯಿಗೆ ಚುಚ್ಚಿದ. ಏನೂ ಆಗಲಿಲ್ಲ. ಬಾಯಿ ಬಿಚ್ಚಿ ನೋಡಿದ್ರ ಒಳಗೆಲ್ಲಾ ಹಸರ ಕಿಲಬು. ವಾಯರ್ ಹಿಡದು ಜಗ್ಗಿದ್ರ ಕೈಯಾಗ ಪುಡಿ ಆಗಿ ಬಂತು. "ವಾಯರಲ್ರಿ ಇದು, ಉಪ್ಪಿನಕಾಯಿ!" ಅಂದ ಮದರಸಾಬ. ಹೊಸಾ ಬಾಯಿ ಬಂತು. ಮತ್ತ ಚುಚ್ಚಿದ. ಈ ಸಲ ದೀಪ ಹತ್ತೇ ಹತ್ತಿತು. ಸೂರ್ಯ ಇಳದು ಬಂದಂಗ ಹತ್ತಿ, ನಾವು "ಆಹಾ" ಅನ್ನೋದ್ರೊಳಗ ಢಬ್ ಅಂತ ಒಡೀತು. ಮುಂಬಯಿ ಗೋದಿ ಕರೆಂಟಿಗಿಂತಾ ನಮ್ಮ ಕರೆಂಟಿಗೆ ಜೋರು ದುಪ್ಪಟ್ಟು ಅಂತ ಆವಾಗ ತಿಳೀತು. ರಾಘಣ್ಣನ ಮಾರಿ ಸಣ್ಣದಾತು. ನಮ್ಮ ರೋಣದ್ದು ಯಾವುದರ ಒಂದು ಮುಂಬಯಿಗಿಂತಾ ಹೆಚ್ಚು ಇದ್ದದ್ದು ಕಂಡು ನನಗ ಒಂದು ಘಳಿಗಿ ಖುಷಿ ಆಗಲಿಲ್ಲ ಅಂತ ಸುಳ್ಳ ಯಾಕ ಹೇಳ್ಲಿ, ಆತು.

ಹೊಸಾ ಬಲ್ಬು ತಂದ್ರು. ಹತ್ತಿತು, ಒಡೀಲಿಲ್ಲ. ಬಾಜೂ ಎಮ್ಮಿ ಕೊಟ್ಟಿಗಿ ಗುಡ್ಡವ್ವ ಸೈತ ಸಗಣಿ ಕೈಲೆ ಬಂದು ನಿಂತು "ಚಂದ ಆತ ನೋಡವ್ವಾ" ಅಂದ್ಲು. ಶಾರದಾ ದೀಪಕ್ಕ ಹಚ್ಚಲಿಕ್ಕೆ ಅರಿಷಿಣ ಕುಂಕುಮದ ತಾಟು ಹಿಡಕೊಂಡು ನಿಚ್ಚಣಿಕಿ ಹತ್ತಿದ್ಲು. ಮ್ಯಾಲ ಹೋಗಿ ಹಡಗದ ಅಂಚಿಗುಂಟ ಕೈ ಆಸರಕ್ಕ ಇದ್ದ ಪಿತ್ತಾಳಿ ಕಟಾಂಜನ ಹಿಡದ್ಲು.

"ಎವ್ವಾ!"

ತಾಟು ಹಾರಿತು. ಅರಿಷಿಣ ಮದರಸಾಬನ ತಲಿ ಮ್ಯಾಲ, ಕುಂಕುಮ ಗುಡ್ಡವ್ವನ ಎಮ್ಮಿ ಮ್ಯಾಲ ಬಿತ್ತು. ಎಮ್ಮಿ ಹಗ್ಗ ಹರಕೊಂಡು ಬಸ್‌ಸ್ಟ್ಯಾಂಡಿನ ಕಡೆ ಓಡಿತು. ಶಾರದಾ ಕೈ ಝಾಡಿಸಿಕೋತ ಇಳದು ಬಂದು, ಟ್ರಂಕಿನ ಮ್ಯಾಲಿನ ಧೂಳಾ ಒರಸಿದ್ಲು. ಒರಸಿದ್ದನ್ನ ನಾ ನೋಡಿದೆ.

ಅಲ್ಲಿಂದ ಶುರು ಆತು ನನ್ನ ವನವಾಸ. ಅಂಗಡಿಯಿಂದ ದಣದು ಬಂದು ಚಪ್ಪಲ್ ಬಿಡೋದ್ರೊಳಗ ಕಾಶಿಬಾಯಿ ಬಾಗಲಾಗ ನಿಂತು "ದೀಪ ಏನಾತು?" ಅನ್ನೋಳು. ಹೊಳ್ಳಿ ಚಪ್ಪಲ್ ಮೆಟ್ಟಿ ಹೋಗೋದು. ಮದರಸಾಬ ವಾಯರ್ ಉಲ್ಟಾ ಚುಚ್ಚಿ ನೋಡಿದ. ಒಳಗಿನ ಹಳೇ ವಾಯರೆಲ್ಲಾ ಕಿತ್ತು, ಕಟಗಿ ಪಟ್ಟಿ ಬಡದು ಹೊಸಾ ವಾಯರ್ ಎಳದ. ಪ್ರತಿ ಸಲ ಕೆಲಸಾ ಮುಗಸಿ, ತಾನು ದೂರ ನಿಂತು ಒದರವ:

"ರಾಯರ, ಕಟಾಂಜನ ಹಿಡೀರಿ!"

ನಾನು ಹಿಡಿಯಾವ.

"ಝುಂ ಅಂತೈತೇನ್ರಿ?"

"ಅಂತದಪಾ."

"ದೊಡ್ಡ ಝುಂ ಏನು ಸಣ್ಣ ಝುಂ?"

"ನಿನ್ನಿಗಿಂತಾ ಸಣ್ಣದು, ಮೊನ್ನಿಗಿಂತಾ ದೊಡ್ಡದು."

ನನ್ನ ಕೈಯ ಅವನ ಯಂತ್ರ ಆಗಿತ್ತು. ಅಂಗಡ್ಯಾಗ ತಕ್ಕಡಿ ಸರಪಳಿ ಹಿಡಿಯೋ ಮುಂದ ಸುದ್ದಾ ಅಂಜಿ ಅಂಜಿ ಹಿಡೀತಿದ್ದೆ. ಇದರ ಮ್ಯಾಲ ಲಕ್ಕಲಕಟ್ಟಿಯಿಂದ ಗ್ಯಾನಪ್ಪ ಅಂತೊಬ್ಬ ಮುದುಕ ಬಂದ. ಮಳಕಾಲು ಹಿಡದಿದ್ವಂತ. ಸುದ್ದಿ ಕೇಳಿ ಬಂದು, ಕಟಾಂಜನ ಹಿಡಕೊಂಡು, ಕಣ್ಣು ಮುಚ್ಚಿ, "ಹಾ... ಹಾ... ಇಳೀತು ನೋಡ, ವಾತ ಇಳೀತು" ಅಂದ. ಮರುದಿನ ಇನ್ನಷ್ಟು ಮುದುಕ್ರು ಬಂದ್ರು. ದವಾಖಾನಿಗಿಂತಾ ಇಲ್ಲಿ ಪಾಳಿ ಹೆಚ್ಚಾತು. ನಾವು ಝುಂ ತಗೀಲಿಕ್ಕೆ ಜೀವಾ ಬಿಡ್ತಿದ್ರ ಇವ್ರು "ನಾಳಿಗೆ ಒಂಚೂರು ಜೋರ ಇಡ್ರಿ" ಅಂತ ಹೇಳಿ ಹೋಗವ್ರು.

"ಒಂದ ವಾಯರ್ ಉಳದೈತ್ರಿ," ಅಂದ ಮದರಸಾಬ ಒಂದಿನ. "ನಡೂ ಕಂಬದ ಹೊಟ್ಟ್ಯಾಗ ಹಾದು ತುದಿ ದೀಪಕ್ಕ ಹೋಗೂದು. ಅದರಾಗಿಂದನ ಸೋರಾಕ ಹತ್ತೈತಿ. ಅದನ್ನ ಕಡದು ಒಗದ್ರ ಮುಗೀತು."

"ಕಡೀಕೂಡದು!" ಅಂದ ರಾಘಣ್ಣ. "ತುದಿ ದೀಪ ಇಲ್ಲಂದ್ರ ಬ್ಯಾರೆ ಹಡಗ ಬಂದು ಹಾಯ್ತದ."

"ಭಾವಾ," ಅಂದೆ ನಾನು, "ರೋಣದಾಗ?"

"ನಿಯಮ ಅಂದ್ರ ನಿಯಮ, ಪ್ರಾಣೇಶ."

ಇವನ ತಲಿ ಮ್ಯಾಲ ಏನರ ಹಾಯಬಾರದೇನು ಅಂತ ನನಗ ಖರೇನ ಅನಿಸಿತು.

ಎಲ್ಲಾ ಉಪಾಯ ತೀರಿ, ಚಹಾಪುಡಿನೂ ತೀರಿದ ಮ್ಯಾಲ ಮದರಸಾಬ ಹಡಗದ ಕೆಳಗ ಅಂಗಾತ ಮಲಗಿ ಭಾಳ ಹೊತ್ತು ನೋಡಿದ. ಎದ್ದು ಬಂದು, ಇದು ತನಗ ಮೊದಲ ಗೊತ್ತಿತ್ತು ಅನ್ನೋ ಮಾರಿ ಮಾಡಿಕೊಂಡು ಹೇಳಿದ: "ಇದರ ಹೊಟ್ಟಿಗೆ ತಾಮ್ರದ ತಗಡು ಬಡದಾರ್ರಿ. ಸಮುದ್ರದಾಗಿದ್ರ ಹಾದಿ ತಪ್ಪಿದ ಕರೆಂಟು ಆ ತಗಡಿನಗುಂಟ ನೀರಿಗೆ ಇಳದು ಹೋಗ್ತೈತಿ. ಇಲ್ಲಿ ನೀರೆಲ್ಲೈತಿ? ಇಳಿಯಾಕ ಹಾದಿ ಇಲ್ದ ಕಟಾಂಜನದಾಗ ಕುಂತು ಮಂದೀನ ಮುಟ್ತೈತಿ. ನೆಲದಾಗ ಹಾದಿ ಮಾಡಿ ಕೊಡಬೇಕ್ರಿ ಅದಕ್ಕ."

ಬೇವಿನ ಗಿಡದ ಬುಡಕ್ಕ ತಗ್ಗು ತೋಡಿದ್ವಿ. ತೋಡಿದ್ವಿ ಅಂದ್ರ ನಾ ತೋಡಿದೆ. ಆವಾಗ ಅಂಗಿ ಗುಂಡಿ ಎರಡು ಹರದು ಹೋದ್ವು. ತಗ್ಗಿನ್ಯಾಗ ತಾಮ್ರದ ತಗಡು ನಿಲ್ಲಿಸಿ, ಸುತ್ತಲೂ ಒಂದು ಪದರ ಉಪ್ಪು, ಒಂದು ಪದರ ಇದ್ದಲಿ, ಮತ್ತ ಉಪ್ಪು, ಮತ್ತ ಇದ್ದಲಿ ಹಾಕಿ ಮುಚ್ಚಿದ್ವಿ. ನೀರು ಹನಿಸಲಿಕ್ಕೆ ಒಂದು ತೂತಿನ ಕೊಳವಿ ನಿಲ್ಲಿಸಿದ್ವಿ. ಹಡಗದಿಂದ ಬಂದ ದಪ್ಪ ತಾಮ್ರದ ವಾಯರು ಕೊಳವಿಗುಂಟ ಇಳದಿತ್ತು. ಹೆಚ್ಚಾದ ತುದೀನ ಮದರಸಾಬ ಮ್ಯಾಲ ಸುರುಳಿ ಸುತ್ತಿ ಬಿಟ್ಟ.

"ದಿನಾ ಒಂದೆರಡು ಕೊಡ ನೀರು ಹಾಕ್ರಿ," ಅಂದ. "ಈ ಎರಿ ಭೂಮಿ ಒಣಗಿ ಕೈ ಹೋಗೋ ಅಷ್ಟು ಬಿರಕು ಬಿಟ್ಟೈತಿ. ಹಸಿ ಇಲ್ದ ಕರೆಂಟು ಇಳ್ಯಾಂಗಿಲ್ಲ."

ಆ ವರ್ಷ ಮುಂಗಾರಿ ಮಳಿ ನರೇಗಲ್ ತನಕ ಬಂದು ಅಲ್ಲಿಂದನ ಹೊಳ್ಳಿ ಹೋಗಿತ್ತು. ಭಾಂವಿಯೊಳಗ ಕೊಡ ಮುಳುಗಬೇಕಾದ್ರ ಹೆಂಗಸರು ತಾಸಗಟ್ಟಲೆ ನಿಲ್ಲತಿದ್ರು. ಅಂಥಾದ್ರಾಗ ನಾ ಒಂದು ಕೊಡ ಹೊತಗೊಂಡು ಬಂದು ನೆಲಕ್ಕ ಸುರವೋದನ್ನ ಗುಡ್ಡವ್ವ ನೋಡಿದ್ಲು.

"ಯಪ್ಪಾ ರಾಯಪ್ಪಾ! ಕುಡ್ಯಾಕ ನೀರಿಲ್ಲ, ನೆಲಕ್ಕ ಕುಡಸಾಕ ಹತ್ತೀಯಲ್ಲ? ಏನೈತಿ ಅದರಾಗ?"

ನಾ ದಣದಿದ್ದೆ. ಸುಳ್ಳ ಹೇಳಬೇಕಾದ್ರೂ ಕಸುವು ಬೇಕು. ಇದ್ದದ್ದು ಹೇಳಿದೆ. "ಉಪ್ಪು, ಇದ್ದಲಿ, ತಾಮ್ರದ ತಗಡು."

ಗುಡ್ಡವ್ವ ಎರಡೂ ಕೈ ತಲಿ ಮ್ಯಾಲ ಇಟಗೊಂಡ್ಲು. "ಮಾಟ! ನನ್ನ ಕೊಟ್ಟಿಗಿ ಬಾಗಲದಾಗ ಮಾಟ! ಅದಕ್ಕ ಹ್ವಾದ ವಾರದಿಂದ ನನ್ನ ಎಮ್ಮಿ ಹಾಲು ಕಡಿಮಿ ಕೊಡಾಕ ಹತ್ತೈತಿ! ಬರ್ರವ್ವಾ, ಎಲ್ಲಾರೂ ಬರ್ರಿ!"

ಎಲ್ಲಾರೂ ಬಂದ್ರು. ರೋಣದಾಗ ಕೂಗಿದ್ರ ಬರಲಾರದವರು ಯಾರು? ಸನಿಕಿ, ಗುದ್ದಲಿ ಹಿಡಕೊಂಡ ಬಂದ್ರು, ಅಗದು ತಗೀತೀವಿ ಅಂತ. ಮದರಸಾಬ ಕರೆಂಟಿನ ಶಾಸ್ತ್ರ ಹೇಳಲಿಕ್ಕೆ ಹೋದ, ಯಾರೂ ಕೇಳಲಿಲ್ಲ. ನನ್ನ ಕಣ್ಣ ಮುಂದ ಟ್ರಂಕು ಬಂದು ನಿಂತಿತು. ಆವಾಗ ಹಡಗದ ಮ್ಯಾಲಿಂದ ರಾಘಣ್ಣ ದುರ್ಬೀನು ಇಳಿಸಿ ಘಟ್ಟಿಯಾಗಿ ಒದರಿದ:

"ಯಾರೂ ಮುಟ್ಟಬ್ಯಾಡ್ರಿ! ಅಲ್ಲಿ ನಾಗಪ್ಪ ಇದ್ದಾನ!"

ಎಲ್ಲಾರೂ ಕೊಳವಿ ಕಡೆ ನೋಡಿದ್ರು. ಬೇವಿನ ಗಿಡ. ಬುಡಕ್ಕ ಮಣ್ಣಿನ ಗುಂಪಿ. ಗುಂಪಿಯೊಳಗ ತೂತು. ತೂತಿನ ಬಾಯಾಗ ಸುರುಳಿ ಸುತ್ತಿ ತಲಿ ಎತ್ತಿದ ಕೆಂಪು ತಾಮ್ರ. ಸಂಜಿ ಬಿಸಿಲಿಗೆ ಹೊಳೀತಿತ್ತು. ಗುಡ್ಡವ್ವ ಸೆರಗು ಕೊರಳಿಗೆ ಸುತಗೊಂಡು ಅಡ್ಡ ಬಿದ್ಲು.

"ತಪ್ಪಾತೋ ನಮ್ಮಪ್ಪಾ!"

ಪೀಡಾ ಹೋತು ಅಂತ ನಾ ಉಸರು ಬಿಟ್ಟೆ. ಉಸರು ಪೂರಾ ಹೊರಗ ಬಂದಿದ್ದಿಲ್ಲ, ಗುಡ್ಡವ್ವ ಎದ್ದು ನನ್ನ ಕೈಯಾಗಿನ ಕೊಡ ಕಸಗೊಂಡ್ಲು. "ನಾಗಪ್ಪಗ ಬರೇ ನೀರು ಸುರೀತಾರೇನ್ರಿ, ತಣ್ಣೀರು? ಹಾಲು ಎರೀಬೇಕು. ಅದೂ ಪಂಚಮಿ ದಿನ. ಅಲ್ಲೀತನಕ ಯಾರೂ ಒಂದ ಹನಿ ಹಾಕೂಹಂಗಿಲ್ಲ, ಮೈಲಿಗಿ ಆಗ್ತೈತಿ!" ಅಂದಾಕಿನ ಜಾಲಿ ಮುಳ್ಳು ತಂದು ಸುತ್ತಲೂ ಬೇಲಿ ಹಚ್ಚಿದ್ಲು. ಎಮ್ಮಿ ಕಾಯೂ ಬಡಗಿ ಕೋಲು ಹಿಡದು ತಾನ ಕಾವಲು ಕೂತ್ಲು.

ಹಿಂಗ ನಮ್ಮ ಉಪಾಯವನ್ನ ನಮ್ಮ ಉಪಾಯನ ನುಂಗಿತು. ನೀರು ಹಾಕಲಿಲ್ಲ ಅಂದ್ರ ಝುಂ ಹೋಗೂದಿಲ್ಲ, ಗುಡ್ಡವ್ವ ನೀರು ಹಾಕಗೊಡೂದಿಲ್ಲ. ನೆಲಾ ದಿನದಿಂದ ದಿನಕ್ಕ ಒಣಗಿತು, ಝುಂ ದೊಡ್ಡದಾತು, ಲಕ್ಕಲಕಟ್ಟಿ ಮುದುಕ್ರಿಗೆ ಭಾಳ ಸಂತೋಷ ಆತು. ಕಾಶಿಬಾಯಿ ತನ್ನ ಸೀರಿ ಗಂಟು ಕಟ್ಟಿ ಬಾಗಲ ಹತ್ರ ಇಟ್ಲು. ಆ ಕಡೆ ಟ್ರಂಕು, ಈ ಕಡೆ ಗಂಟು, ನಡುವ ನಾನು.

ಪಂಚಮಿ ಬಂತು. ಮನಿ ಮನಿಯೊಳಗ ಜ್ವಾಳದ ಅಳ್ಳು ಹುರದ ವಾಸನಿ. ಓಣಿ ಹುಡಿಗೇರು ಹಡಗದ ಅಡ್ಡಗಂಬಕ್ಕ ಹಗ್ಗಾ ಕಟ್ಟಿ ಜೋಕಾಲಿ ಜೀಕಲಿಕ್ಕೆ ಹತ್ತಿದ್ರು. ಆ ಹಡಗು ಹುಟ್ಟಿದಾಗಿಂದ ಅದಕ್ಕ ಅಷ್ಟು ಉಪಯೋಗ ಎಂದೂ ಆಗಿರಲಿಕ್ಕಿಲ್ಲ. ನಾನು ಅಂಗಡಿ ಮುಗಿಸಿ, ಹೊಸಾ ಖಣ, ತೆಂಗಿನಕಾಯಿ ತೊಗೊಂಡು ತಂಗಿನ್ನ ಕರೀಲಿಕ್ಕೆ ಹೋದೆ. ನಿಚ್ಚಣಿಕಿ ಬುಡಕ್ಕ ಟ್ರಂಕು ಇತ್ತು, ಹಗ್ಗಾ ಬಿಗಿದಿತ್ತು. ಶಾರದಾ ಅದರ ಮ್ಯಾಲ ಕೂತಿದ್ಲು.

ನರೇಗಲ್ ಬಸ್ಸು ಬಂತು. ಇನ್ಸ್‌ಪೆಕ್ಟರ್ ಸಾಹೇಬ್ರು ಇಳದ್ರು, ಅತ್ತಿ ಮನಿ ಉಂಡಿ ಕಟಗೊಂಡು. ಮೀಸಿಗೆ ಬೆಲ್ಲ ಹತ್ತಿತ್ತು. ಅದ ಹೊತ್ತಿಗೆ ಇಂಜಿನ್ನು ಡುಗು ಡುಗು ಅಂತು. ಹಡಗದ ಒಳಗ ದೀಪ ಹತ್ತಿತು, ಕಂಬದ ತುದಿಗೂ ಹತ್ತಿತು.

"ಯಾರರ ಕಟಾಂಜನ ಹಿಡೀರಿ," ಅಂದ್ರು ಸಾಹೇಬ್ರು.

ಎಲ್ಲಾರೂ ನನ್ನ ಕಡೆ ನೋಡಿದ್ರು. ಇಷ್ಟು ಮಂದಿ ಇದ್ರೂ ಒಬ್ಬರಿಗೂ ಬ್ಯಾರೆ ವಿಚಾರ ಬರಲಿಲ್ಲ. ನಾ ಹತ್ತಿ ಹೋಗಿ ಹಿಡದೆ. ಹಲ್ಲು ಕಚ್ಚಿ ನಗಲಿಕ್ಕೆ ನೋಡಿದೆ. ಆದ್ರ ಅದು ದೊಡ್ಡ ಝುಂ. ಟೊಪಗಿ ತಾನ ನಡಗಲಿಕ್ಕೆ ಹತ್ತಿತು.

"ಸಾಕು," ಅಂದ್ರು ಸಾಹೇಬ್ರು. ಇಕ್ಕಳ ತಗದ್ರು. "ಮದರಸಾಬ, ಕಂಬ ಹತ್ತು."

ಆವಾಗ ರಾಘಣ್ಣ ಇಳದು ಬಂದ. ಕಪ್ತಾನ ಟೊಪಗಿ ತಗದು ಕೈಯಾಗ ಹಿಡಕೊಂಡಿದ್ದ. ಧ್ವನಿ ಸಣ್ಣದಿತ್ತು. "ಸಾಹೇಬ್ರ, ನಾ ಕಪ್ತಾನ ಅಲ್ರಿ. ಚೀಲ ಎಣಸಾವ. ನನಗ ಏನೂ ಬ್ಯಾಡ, ಆಕೀಗೊಂದು ದೀಪ ಬಿಡ್ರಿ. ಮೂವತ್ತು ವರ್ಷ ಚಿಮಣಿ ಮುಂದ ಕೂಡಿಸೀನಿ ಆಕೀನ. ನನ್ನ ಕಡೆಯಿಂದ ಬ್ಯಾರೆ ಏನೂ ಆಗಲಿಲ್ಲ."

ಇಷ್ಟು ವರ್ಷ ಅವನ ಬಾಯಿಂದ ಖರೇ ಮಾತು ಕೇಳಿದ್ದ ಅದ ಮೊದಲು. ಶಾರದಾ ಟ್ರಂಕಿನ ಮ್ಯಾಲಿಂದ ಎದ್ದು ನಿಂತ್ಲು. ಸಾಹೇಬ್ರು ಮೀಸಿ ಒರಿಸಿಕೊಂಡ್ರು. "ಕಾಯದೆ ಅದಲ್ರಿ," ಅಂದ್ರು.

ಅಷ್ಟರಾಗ ಗುಡ್ಡವ್ವ ಬಂದ್ಲು. ಹಿಂದ ಓಣಿ ಹೆಂಗಸರೆಲ್ಲಾ, ಕೈಯಾಗ ಹಾಲಿನ ತಂಬಗಿ, ನೀರಿನ ಕೊಡ. ಮುಂಜಾನಿಂದ ಊರಾಗಿನ ಕಲ್ಲಿನ ನಾಗಪ್ಪಗೆಲ್ಲಾ ಎರದು, ಕಡೀಕ ಈ ತಾಮ್ರದ ನಾಗಪ್ಪನ ಪಾಳಿ. ಮುಳ್ಳು ಬೇಲಿ ತಗದ್ಲು. ಮೊದಲು ಕೊಡ ಕೊಡ ನೀರು ಹಾಕಿ ಜಾಗಾ ತೊಳದ್ರು. ಆಮ್ಯಾಲ ಕೊಳವಿಯೊಳಗ ಹಾಲು.

"ಕಂಬ ಹತ್ತೋ ಮದರಸಾಬ," ಅಂದ್ರು ಸಾಹೇಬ್ರು.

"ಯಾಂವಲೇ ಅಂವ, ನಾಗಪ್ಪ ಹಾಲು ಕುಡಿಯೋ ಮುಂದ ಕಂಬ ಹತ್ತಾಂವ?" ಅಂದ್ಲು ಗುಡ್ಡವ್ವ. 

ಸಾಹೇಬ್ರು ಆಗಷ್ಟ ಅತ್ತಿ ಮನಿಯಿಂದ ಬಂದವರು. ಇಂಥಾ ಧ್ವನಿಗೆ ಎದರು ಆಡಬಾರದು ಅಂತ ಕಲತಿದ್ರು. ಇಕ್ಕಳ ಬಗಲಾಗ ಇಟಗೊಂಡು ಕೈ ಮುಗದು ನಿಂತ್ರು. ನನಗ ಮಾತ್ರ ಯಾರೂ ಕೈ ಬಿಡು ಅನ್ನಲಿಲ್ಲ. ನಾ ಹಿಡಕೊಂಡ ನಿಂತೆ.

ಒಬ್ಬೊಬ್ಬಾಕಿನ ಎರದ್ಲು. ಪದ್ಧತಿ ಪ್ರಕಾರ ಪಾಲು ಹೇಳಿಕೋತ. ದೇವರ ಪಾಲು, ಗುರುವಿನ ಪಾಲು, ಗಂಡನ ಪಾಲು, ಮಕ್ಕಳ ಪಾಲು. ನನ್ನ ಕೈಯಾಗ ಝುಂ ಹಂಗ ಇತ್ತು. ಇನ್ನೊಂದಿಷ್ಟು ಹೊತ್ತಿಗೆ ಸಣ್ಣದಾತು ಅನಿಸಿತು. ಕೈ ಸತ್ತು ಹೋಗ್ಯಾವೋ ಏನೋ ಅಂತ ತಿಳದೆ. ಕಡೀಕ ಶಾರದಾ ತಂಬಗಿ ತೊಗೊಂಡ್ಲು.

"ಇದು ಅವ್ವನ ಪಾಲು." ನಮ್ಮವ್ವ ಹೋಗಿ ಭಾಳ ವರ್ಷ ಆಗಿತ್ತು. ಝುಂ ಇನ್ನೂ ಸಣ್ಣದಾತು.

"ಇದು ಅಪ್ಪನ ಪಾಲು." ಬೆರಳ ತುದ್ಯಾಗ ಇರಿವಿ ಹರದಾಡಿದಷ್ಟ ಉಳೀತು.

ನನ್ನ ಕಡೆ ಒಮ್ಮೆ ತಲಿ ಎತ್ತಿ ನೋಡಿದ್ಲು. ತನ್ನನ್ನ ಮನಿಗೆ ಬರಗೊಡಬಾರದು ಅಂತ ದಿನಾ ಸಂಜಿಗೆ ಬಂದು ಝುಂ ಅನಿಸಿಕೊಂಡವ ಇವ ಅಂತ ಆಕೀಗೆ ಗೊತ್ತಿರಲಿಲ್ಲೇನು? ಎಲ್ಲಾ ಗೊತ್ತಿತ್ತು. ತಂಬಗಿಯೊಳಗ ಉಳದ ಹಾಲು ಪೂರಾ ಬೊಗ್ಗಿಸಿದ್ಲು.

"ಇದು ಅಣ್ಣನ ಪಾಲು."

ನಿಂತು ಹೋತು.

ಒಂದು ಕೈ ಬಿಟ್ಟು ಇನ್ನೊಂದು ಕೈಲೆ ಹಿಡದೆ. ಎರಡೂ ಕೈಲೆ ಹಿಡದೆ. ಇಲ್ಲ. "ಇಲ್ರೋ! ಝುಂ ಇಲ್ಲ!" ಅಂತ ಒದರಿದೆ. ಸಾಹೇಬ್ರು ನಂಬಲಿಲ್ಲ, ತಾವ ಹತ್ತಿ ಬಂದು ಹಿಡದ್ರು. ಪಿತ್ತಾಳಿ ತಣ್ಣಗ ಇತ್ತು. ಮದರಸಾಬ "ನಾ ಹೇಳಿದ್ನಿಲ್ರೀ?" ಅಂದ. ಗುಡ್ಡವ್ವ ಎರಡು ಸಲ ಅಡ್ಡ ಬಿದ್ಲು. ಲಕ್ಕಲಕಟ್ಟಿ ಗ್ಯಾನಪ್ಪ ಒಬ್ಬನ ಮಾರಿ ಇಳಿ ಬಿಟಗೊಂಡು ಕೋಲು ಊರಿಕೋತ ಹೊಂಟು ಹೋದ.

"ಕಾಯಂ," ಅಂದ್ರು ಸಾಹೇಬ್ರು. "ಇಷ್ಟು ದಿನ ಇದು ಯಾವ ನಮೂನಿಯೊಳಗ ಬರ್ತದ ಅಂತ ತಿಳೀವಲ್ದಾಗಿತ್ತು. ಈಗ ತಿಳೀತು. ದೇವಸ್ಥಾನ."

ಶಾರದಾ ನಿಚ್ಚಣಿಕಿ ಹತ್ತಿ ಬಂದ್ಲು. ಕಟಾಂಜನ ಹಿಡಕೊಂಡ, ಅಂಜದ. ದೀಪದ ಕೆಳಗ ಕೂತು ಡಬ್ಬಿಯಿಂದ ಸೂಜಿ ತಗದು, ದಾರಾ ಬಾಯಾಗ ತೊಯ್ಸಿ ಪೋಣಿಸಿದ್ಲು. ಒಂದ ಸಲಕ್ಕ ಹೋತು. ಸ್ವಲ್ಪ ಹೊತ್ತು ಅದನ್ನ ಬೆಳಕಿಗೆ ಹಿಡದು ನೋಡಿದ್ಲು. ಆಮ್ಯಾಲ ನನ್ನ ಎದಿ ಕಡೆ ನೋಡಿ, "ಅಂಗಿ ತಗಿ, ಗುಂಡಿ ಹರದಾವ," ಅಂದ್ಲು.

ಟ್ರಂಕಿನ ಹಗ್ಗಾ ಬಿಚ್ಚಿದ್ರು. ಸಣ್ಣದೊಂದು ಕೈಚೀಲ ತೊಗೊಂಡು ನಾಕ ದಿನ ನಮ್ಮ ಮನಿಗೆ ಬಂದ್ಲು. ಕಾಶಿಬಾಯಿ ಗಂಟು ಬಿಚ್ಚಿ ಸೀರಿ ಒಳಗಿಟ್ಲು. ನಾಕ ದಿನ ಅವರಿಬ್ರೂ ಉಪ್ಪಿನ ಮಾತು ತಗೀಲಿಲ್ಲ. ಒಂದಿನ ಅಂತೂ ಏನೋ ಮಾತಿಗೆ ಇಬ್ರೂ ಕೂಡೇ ನಕ್ಕಿದ್ದು ಕೇಳಿ ನಾ ಅಂಗಳದಿಂದ ಎದ್ದು ಹೋಗಿ ನೋಡಿ ಬಂದೆ. ಐದನೇ ದಿನ ಶಾರದಾ ಹೊಳ್ಳಿ ಹಡಗಿಗೆ ಹೋದ್ಲು. ನನಗ ನಿಶ್ಚಿಂತಿ ಆಗಬೇಕಿತ್ತು. ಕಾಲು ಚಾಚಿ ಕೂತೆ. ಮನಿ ಭಣಭಣ ಅಂತಿತ್ತು. ತಂಗಿ ಹೋದದ್ದಕ್ಕ ನನಗ ಭಾಳ ಕೆಟ್ಟನಿಸಿತು.

ಮುಂದ ಹಾಲು ಒಣಗಿತು, ನೆಲಾ ಒಣಗಿತು. ಒಂದಿನ ಗುಡ್ಡವ್ವ ಅಂಗಡಿ ತನಕ ಬಂದು ಹೇಳಿದ್ಲು: "ರಾಯಪ್ಪಾ, ತಂಗಿ ಹೇಳಿ ಕಳಸ್ಯಾಳ. ಸಣ್ಣ ಝುಂ ಅಂತೈತಂತ."

ಅವತ್ತಿನಿಂದ ಅಂಗಡಿ ಮುಗಿಸಿ, ಭಾಂವಿಗೆ ಪಾಳಿ ಹಚ್ಚಿ, ಒಂದು ಕೊಡ ಹೊತಗೊಂಡು ಹೋಗೋದು ನನ್ನ ಕೆಲಸ ಆತು. ಬೆನ್ನು ನೋಯ್ತದ. ಸಾಕಾಗ್ತದ. ಒಮ್ಮೆ ಹಾಲು ಕುಡದ ನಾಗಪ್ಪಗ ಆಮ್ಯಾಲ ನೀರು ನಡೀತದ ಅಂತ ಗುಡ್ಡವ್ವ ಪರವಾನಗಿ ಕೊಟ್ಟಾಳ. ಆದ್ರ ಪಾಲು ಹೇಳದ ಸುರುವಿದ್ರ ಅದು ಮುಟ್ಟೂದಿಲ್ಲಂತ. ಮೊದಲನೇ ದಿನ ನಾ ಸುಮ್ಮನ ಸುರವಲಿಕ್ಕೆ ಹೋದಾಗ ಬಡಗಿ ಅಡ್ಡ ಹಿಡದ್ಲು.

"ಯಾರ ಪಾಲ್ರಿ ಇದು?"

ಮ್ಯಾಲ ದೀಪ ಹತ್ತಿತ್ತು. ಶಾರದಾ ಏನೋ ಹೊಲಕೋತ ಕೂತಿದ್ಲು. ತಲಿ ಎತ್ತಲಿಲ್ಲ, ಆದ್ರ ಸೂಜಿ ನಿಂತಿತ್ತು.

"ತಂಗಿ ಪಾಲು," ಅಂದು ಕೊಡ ಬೊಗ್ಗಿಸಿದೆ.